ಜನವರಿಯ ಬನ್ನು, ಮಂಗಳವಾರದ ಒಬ್ಬಟ್ಟು

ಮನೆಯಲ್ಲಿ ಮಾಡಿದ್ದೇ ರುಚಿ, ಅಂಗಡಿಯದು ಅಷ್ಟಕ್ಕಷ್ಟೇ ಎಂಬ ಮಾತನ್ನು ಕೇಳುತ್ತಲೇ ಬೆಳೆದವಳು ನಾನು. ಸಾರಿನ ಪುಡಿಯ ವಿಷಯದಲ್ಲಿ ಇವತ್ತಿಗೂ ಅದನ್ನು ಒಪ್ಪುತ್ತೇನೆ. ಹಾಟ್ ಕ್ರಾಸ್ ಬನ್ನಿನ ವಿಷಯದಲ್ಲಿ ಮಾತ್ರ ಖಂಡಿತ ಒಪ್ಪುವುದಿಲ್ಲ. ಮೆಲ್ಬರ್ನಿನ ದುಬಾರಿ ಬೇಕರಿಗಳಲ್ಲಿ ಹಿಟ್ಟನ್ನು ದಿನಗಟ್ಟಲೆ ಹುಳಿಸಿ ಮಾಡುವ ಬನ್ನುಗಳನ್ನೂ ತಿಂದಿದ್ದೇನೆ. ಚೆನ್ನಾಗಿಯೇ ಇರುತ್ತವೆ, ಆದರೆ ಅವುಗಳನ್ನು ಹೊಗಳುತ್ತಾ ತಿನ್ನಬೇಕು. ಸೂಪರ್ ಮಾರ್ಕೆಟ್ಟಿನದಕ್ಕೆ ಆ ಕಷ್ಟವಿಲ್ಲ. ಪ್ಯಾಕೆಟ್ಟಿಗೆ ಆರು, ಒಂದಕ್ಕೊಂದು ಅಂಟಿಕೊಂಡೇ ಬೆಂದಿರುತ್ತವೆ. ಕಿತ್ತರೆ ಪಕ್ಕದಲ್ಲಿ ಬೆಳ್ಳಗೆ, ಮೆತ್ತಗೆ. ಮೇಲೆ ಮೈದಾಹಿಟ್ಟಿಗೆ ನೀರು ಕಲಸಿ ಎಳೆದ ಶಿಲುಬೆ, ಅದರ ಮೇಲೆ ಪಾಕ ಸವರಿದ ಹೊಳಪು. ಅಡ್ಡಕ್ಕೆ ಸೀಳಿ ಟೋಸ್ಟರಿಗೆ ಹಾಕಿದರೆ ಮೊದಲು ದಾಲ್ಚಿನ್ನಿ, ಜಾಯಿಕಾಯಿಯ ಪರಿಮಳ ಬರುತ್ತದೆ. ಹಿಂದೆಯೇ, ಉದುರಿದ ಒಣದ್ರಾಕ್ಷಿಯೊಂದು ತಳದಲ್ಲಿ ಸೀಯುವ ವಾಸನೆ. ಬಿಸಿಯಿರುವಾಗಲೇ ಬೆಣ್ಣೆ ಹಚ್ಚಬೇಕು, ಕೈ ಬಿಗಿ ಹಿಡಿಯಬಾರದು. ಕಿತ್ತಳೆ ಸಿಪ್ಪೆಯ ಚೂರುಗಳನ್ನು ಮಗಳು ಆರಿಸಿ ತಟ್ಟೆಯ ಅಂಚಿಗಿಡುತ್ತಾಳೆ. ಅವು ನನ್ನ ಪಾಲು.

ಇದು ಈಸ್ಟರಿಗೆ ಮುಂಚಿನ ಶುಕ್ರವಾರ, ಯೇಸು ಶಿಲುಬೆಗೇರಿದ ದಿನ ತಿನ್ನುವ ತಿಂಡಿ. ಆದರೆ ಆಸ್ಟ್ರೇಲಿಯದಲ್ಲಿ ಕ್ರಿಸ್‌ಮಸ್ ಮುಗಿಯಿತೋ ಇಲ್ಲವೋ, ಬನ್ನು ಅಂಗಡಿಯ ಕಪಾಟಿಗೆ ಬಂದು ಕೂತಿರುತ್ತದೆ. ಪ್ರತಿ ವರ್ಷವೂ ಈ ಬಗ್ಗೆ ಪತ್ರಿಕೆಗಳಲ್ಲಿ, ರೇಡಿಯೋದಲ್ಲಿ ಗೊಣಗಾಟ ನಡೆಯುತ್ತದೆ. ಗೊಣಗುವವರೂ ಹೋಗುವಾಗ ಒಂದು ಪ್ಯಾಕೆಟ್ ಬುಟ್ಟಿಗೆ ಹಾಕಿಕೊಳ್ಳುತ್ತಾರೆ. ಚಾಕೊಲೇಟಿನದು, ಸೇಬು ಹಾಕಿದ್ದು, ದ್ರಾಕ್ಷಿಯೇ ಇಲ್ಲದ್ದು, ವೆಜಿಮೈಟ್ ಎಂಬ, ಬ್ರೆಡ್ಡಿಗೆ ಹಚ್ಚುವ ಉಪ್ಪುಪ್ಪು ಯೀಸ್ಟ್ ಲೇಪ ಮತ್ತು ಚೀಸ್ ಬೆರೆಸಿದ್ದು ಎಂದು ಬಗೆಗಳೂ ಹೆಚ್ಚಿವೆ. ಆ ವೆಜಿಮೈಟಿನದಕ್ಕೂ ಶುಕ್ರವಾರಕ್ಕೂ ಏನು ನೆಂಟಸ್ತಿಕೆಯೋ ದೇವರೇ ಬಲ್ಲ.

ನಾನು ಗೊಣಗುವ ಪಕ್ಷದವಳಲ್ಲ, ಜನವರಿಯಲ್ಲೇ ತರುತ್ತೇನೆ. ಪಕ್ಕದ ಮನೆಯ ಜೋನ್ ಅಜ್ಜಿ ಆ ಪಕ್ಷದ ಹಿರಿಯ ನಾಯಕಿ. ಎಂಬತ್ತು ದಾಟಿದೆ, ಗುಡ್ ಫ್ರೈಡೇ ಬೆಳಿಗ್ಗೆಯವರೆಗೆ ಒಂದು ಬನ್ನನ್ನೂ ಬಾಯಿಗಿಡುವುದಿಲ್ಲ. ಹಾಗೆಂದು ಮನೆಯಲ್ಲಿ ಮಾಡುತ್ತಾರೆಯೇ ಎಂದರೆ ಅದೂ ಇಲ್ಲ. ನಾನು ತರುವ ಅದೇ ಪ್ಯಾಕೆಟ್ಟನ್ನು ಗುರುವಾರ ಸಂಜೆ ತಂದಿಟ್ಟುಕೊಳ್ಳುತ್ತಾರೆ, ಏಕೆಂದರೆ ಶುಕ್ರವಾರ ವಿಕ್ಟೋರಿಯಾ ರಾಜ್ಯದಲ್ಲಿ ದೊಡ್ಡ ಅಂಗಡಿಗಳು ತೆರೆಯುವುದಿಲ್ಲ. ಮೂರು ತಿಂಗಳು ಬನ್ನು ಮಾರಿ, ಬನ್ನಿನ ದಿನವೇ ಬಾಗಿಲು ಹಾಕುತ್ತಾರೆ!

2026ರಲ್ಲಿ ಯುಗಾದಿ ಮಾರ್ಚ್ 19ಕ್ಕೆ, ಗುಡ್ ಫ್ರೈಡೇ ಏಪ್ರಿಲ್ 3ಕ್ಕೆ. ಅವರ ಈಸ್ಟರ್ ಹುಣ್ಣಿಮೆ ನೋಡಿ ಬರುತ್ತದೆ, ನಮ್ಮ ಯುಗಾದಿ ಅಮಾವಾಸ್ಯೆ ಕಳೆದು ಬರುತ್ತದೆ. ಎರಡೂ ಚಿಗುರಿನ ಕಾಲದ ಹಬ್ಬಗಳು. ಇಲ್ಲಿ ಮಾತ್ರ ಆಗ ಬೇಸಿಗೆ ಮುಗಿದು ರಸ್ತೆಬದಿಯ ಮರಗಳು ಹಳದಿಗೆ ತಿರುಗಲು ಅಣಿಯಾಗುತ್ತಿರುತ್ತವೆ. ಯುಗಾದಿಯ ದಿನ ಸಂಜೆ ನಾನೂ ಮಗಳೂ ಜೋನ್ ಅಜ್ಜಿಗೆ ಒಬ್ಬಟ್ಟು ಕೊಟ್ಟುಬರಲು ಹೋಗಿದ್ದೆವು. ಇದು ನಮ್ಮ ಹೊಸ ವರ್ಷ, ಬೇವು ಬೆಲ್ಲ ತಿಂದ ಮೇಲೆ ಇದನ್ನು ತಿನ್ನುತ್ತೇವೆ ಎಂದೆಲ್ಲ ಹೇಳಿದೆ. ಅವರು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನೀವು ಪುಣ್ಯವಂತರಮ್ಮ. ನಿಮ್ಮ ಹಬ್ಬದ ಅಡುಗೆ ಇನ್ನೂ ಹಬ್ಬದ ದಿನಕ್ಕೇ ಬರುತ್ತದೆ. ನಮ್ಮದನ್ನು ಅಂಗಡಿಯವರು ಎಳೆದೂ ಎಳೆದೂ ಡಿಸೆಂಬರಿಗೆ ತಂದು ಮುಟ್ಟಿಸಿದರು" ಎಂದರು.

ನನಗೆ ಹಿಗ್ಗಾಯಿತು. ನಮ್ಮ ಸಂಪ್ರದಾಯದ ಬಗ್ಗೆ ಇನ್ನೆರಡು ಒಳ್ಳೆಯ ಮಾತು ಸೇರಿಸಲು ಬಾಯಿ ತೆರೆಯುವಷ್ಟರಲ್ಲಿ ಮಗಳು ಹೇಳಿದಳು: "ಇಲ್ಲ ಅಜ್ಜಿ, ನಮ್ಮ ಫ್ರೀಜರಿನಲ್ಲಿ ಇದು ಯಾವಾಗಲೂ ಇರುತ್ತದೆ. ಮಂಗಳವಾರ ಅಮ್ಮ ಸ್ಕೂಲಿನ ಡಬ್ಬಿಗೂ ಇದನ್ನೇ ಕೊಟ್ಟಿದ್ದಳು."

ಅಜ್ಜಿ ಒಬ್ಬಟ್ಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಹಾಗಾದರೆ ಇದು ಯಾವ ಮಂಗಳವಾರದ್ದು?" ಎಂದು ಕೇಳಿದರು. ಅಂದಿನದು ನಾನೇ ಬೆಳಿಗ್ಗೆ ಎದ್ದು ತಟ್ಟಿದ್ದು. ಆದರೆ ಆ ಹೊತ್ತಿನಲ್ಲಿ ಅದನ್ನು ಯಾರು ನಂಬುತ್ತಾರೆ?

ಮಗಳು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ಒಬ್ಬಟ್ಟು ಹನ್ನೆರಡು ತಿಂಗಳೂ ಸಿಗುತ್ತದೆ. ಬೆಂಗಳೂರಿನಲ್ಲಂತೂ ಹೋಳಿಗೆಗೆಂದೇ ಅಂಗಡಿಗಳಿವೆ. ಕಾಯಿ, ಬೇಳೆ ಹಾಗಿರಲಿ, ಕ್ಯಾರೆಟ್, ಖರ್ಜೂರ, ಅನಾನಸ್, ಖೋವ ಎಂದು ಯಾವಾಗ ಹೋದರೂ ಕಾವಲಿಯ ಮೇಲೆ ಬೇಯುತ್ತಿರುತ್ತವೆ. ಸಂಕ್ರಾಂತಿಯ ಎಳ್ಳು ಬೆಲ್ಲ ಬೆರೆಸಿದ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಮೊಬೈಲ್ ಒತ್ತಿದರೆ ಬೇವಿನೆಲೆಯೂ ಮನೆ ಬಾಗಿಲಿಗೆ ಬರುತ್ತದೆ. ಹಬ್ಬದ ಸೊಗಸು ಹಾಳಾಯಿತು ಎಂದು ಇದಕ್ಕೆ ಮರುಗುವವರಿದ್ದಾರೆ. ಅವರಲ್ಲಿ ಹೆಚ್ಚಿನವರು ಒಲೆಯ ಹತ್ತಿರ ನಿಂತವರಲ್ಲ ಎಂಬುದು ನನ್ನ ಗುಮಾನಿ.

ಅಮ್ಮ ನಿಂತಿದ್ದನ್ನು ನಾನು ನೋಡಿದ್ದೇನೆ. ಹಿಂದಿನ ರಾತ್ರಿಯೇ ಬೆಲ್ಲ ಕುಟ್ಟಿಡುವುದು, ಬೆಳಿಗ್ಗೆ ಬೇಳೆ ಬೇಯಿಸಿ ಕಟ್ಟು ಬಸಿಯುವುದು, ಹೂರಣ ರುಬ್ಬುವುದು, ಕಣಕ ನಾದಿ ಎಣ್ಣೆಯಲ್ಲಿ ಮುಳುಗಿಸಿಡುವುದು. ಆಮೇಲೆ ಬಾಳೆಲೆಯ ಮೇಲೆ ಒಂದೊಂದೇ ತಟ್ಟಿ ಬೇಯಿಸುವ ಕೆಲಸ, ಮನೆಗೆ, ಅಕ್ಕಪಕ್ಕಕ್ಕೆ, ಬರುವ ನೆಂಟರಿಗೆ. ನಾವೆಲ್ಲ ಉಂಡು ಮಲಗಿದ ಮೇಲೆ ಅವಳು ಎಲೆ ಹಾಕಿಕೊಳ್ಳುತ್ತಿದ್ದಳು. ಎಣ್ಣೆಯ ಹೊಗೆ ಕುಡಿದವಳಿಗೆ ಅಷ್ಟು ಹೊತ್ತಿಗೆ ಒಬ್ಬಟ್ಟು ಕಂಡರೇ ಸಾಕಾಗಿರುತ್ತಿತ್ತು, ಮಜ್ಜಿಗೆ ಅನ್ನ ತಿಂದು ಏಳುತ್ತಿದ್ದಳು. ಮರುದಿನ ಒಬ್ಬಟ್ಟಿನ ಸಾರು ಕುದ್ದು ಹದವಾದ ಮೇಲೆಯೇ ಅವಳ ಹಬ್ಬ.

ದಿನ ಕಾಯದೆ ತಿನ್ನುವ ಆಸೆ ಇಂದಿನದೂ ಅಲ್ಲ. ಒಂದನೇ ಎಲಿಜಬೆತ್ ರಾಣಿಯ ಕಾಲದಲ್ಲಿ, 1592ರಲ್ಲಿ, ಲಂಡನ್ನಿನ ಮಾರುಕಟ್ಟೆಗಳ ಅಧಿಕಾರಿ ಒಂದು ಆಜ್ಞೆ ಹೊರಡಿಸಿದ್ದ. ಮಸಾಲೆ ಹಾಕಿದ ಬನ್ನುಗಳನ್ನು ಶವಸಂಸ್ಕಾರ, ಈಸ್ಟರಿಗೆ ಮುಂಚಿನ ಶುಕ್ರವಾರ ಮತ್ತು ಕ್ರಿಸ್‌ಮಸ್ ಬಿಟ್ಟು ಬೇರೆ ಹೊತ್ತಿನಲ್ಲಿ ಮಾರಕೂಡದು, ಮಾರಿದರೆ ಮಾಲು ಜಪ್ತಿಯಾಗಿ ಬಡವರ ಪಾಲು. ಜನ ಸುಮ್ಮನೆ ಶುಕ್ರವಾರಕ್ಕೆ ಕಾದಿದ್ದರೆ ಇಂಥ ಆಜ್ಞೆಯೇ ಬೇಕಿರಲಿಲ್ಲ. ಇದನ್ನು ಬೇಲಿಯಾಚೆಯಿಂದ ಜೋನ್ ಅಜ್ಜಿಗೆ ಹೇಳಿದೆ. ಆ ಅಧಿಕಾರಿಯನ್ನು ಈಗಲೂ ನೇಮಿಸಿಕೊಳ್ಳಬೇಕು ಎಂದರು.

ಬನ್ನು ಬೇಗ ಬರುವುದರ ಬಗ್ಗೆ ಇಷ್ಟು ತಕರಾರು ಮಾಡುವ ಜನ, ಅದು ಹೊರಟುಹೋಗುವುದನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ. ಈಸ್ಟರ್ ಸೋಮವಾರ ಕಳೆದ ಮೇಲೆ ನೋಡಬೇಕು. ಚಾಕೊಲೇಟ್ ಮೊಟ್ಟೆ, ಮೊಲಗಳಿಗೆಲ್ಲ ಅರ್ಧ ಬೆಲೆಯ ಚೀಟಿ. ಉಳಿದ ಬನ್ನುಗಳು ಒಂದು ಮೂಲೆಯ ಟ್ರಾಲಿಯಲ್ಲಿ. ಅವು ಖಾಲಿಯಾದರೆ ಮುಗಿಯಿತು, ಆ ಜಾಗಕ್ಕೆ ಮಾಮೂಲು ಬ್ರೆಡ್ಡು ಬಂದು ಕೂರುತ್ತದೆ. ಮುಂದೆ ಚಳಿ ಬಂದು ಬನ್ನಿಗೆ ಹೇಳಿ ಮಾಡಿಸಿದ ಹವೆಯಿದ್ದರೂ ಬನ್ನಿಲ್ಲ. ಜನವರಿಯ ನಲವತ್ತು ಡಿಗ್ರಿ ಸೆಕೆಯಲ್ಲಿ ನಾನು ಟೋಸ್ಟರ್ ಮುಂದೆ ನಿಲ್ಲುವುದಕ್ಕೆ ಈ ಕಾಣೆಯಾಗುವಿಕೆಯೇ ಕಾರಣವಿರಬೇಕು.

ನಮ್ಮಲ್ಲಿ ಹೀಗೆ ಹೋಗಿಬರುತ್ತಿದ್ದದ್ದು ಸೊಗಡಿನ ಅವರೆ. ಮಾರ್ಗಶಿರದ ಇಬ್ಬನಿಯ ಜೊತೆ ಬಂದರೆ ಬೆಳಿಗ್ಗೆ ಅವರೆಕಾಳು ಉಪ್ಪಿಟ್ಟು, ಮಧ್ಯಾಹ್ನ ಹಿತಕಿದ ಬೇಳೆ ಸಾರು, ರಾತ್ರಿ ಅವರೆಕಾಳು ಹಾಕಿದ ಅಕ್ಕಿ ರೊಟ್ಟಿ. ಇಡೀ ಮನೆ ಸುತ್ತ ಕೂತು ಬಿಡಿಸಬೇಕು. ಸಿಪ್ಪೆಯ ಎಣ್ಣೆಜಿಡ್ಡು ಬೆರಳಿಗೆ ಹತ್ತಿದರೆ ಸೋಪಿಗೂ ಜಗ್ಗುತ್ತಿರಲಿಲ್ಲ. ಸಾಕಪ್ಪಾ ಸಾಕು ಎನ್ನಿಸುವಷ್ಟು ತಿಂದು, ಶಿವರಾತ್ರಿಯ ಹೊತ್ತಿಗೆ ಒಂದು ದಿನ ಬುಟ್ಟಿಯವಳು ತರಲಿಲ್ಲವೆಂದರೆ ಆ ವರ್ಷದ ಲೆಕ್ಕ ಚುಕ್ತಾ. ಮೊನ್ನೆ ಫೋನಿನಲ್ಲಿ ಅಮ್ಮ ಹೇಳಿದಳು, ಈಗ ಆಷಾಢದಲ್ಲೂ ಹಿತಕಿದ್ದೇ ಪ್ಯಾಕೆಟ್ಟಿನಲ್ಲಿ ಸಿಗುತ್ತದಂತೆ. "ಸೊಗಡೇನೂ ಇಲ್ಲ ಕಣೇ" ಎಂದಳು. ಹಾಗಾದರೆ ತರುವುದಿಲ್ಲವೇ ಎಂದು ಕೇಳಿದೆ. "ತರದೆ ಏನು? ಕೂತು ಹಿತಕಲು ನನ್ನ ಕೈಲಿ ಈಗ ಆಗುತ್ತದೆಯೇ?"

ಈಸ್ಟರ್ ಮುಗಿದ ಮಂಗಳವಾರ ಮೂಲೆಯ ಟ್ರಾಲಿಯಲ್ಲಿ ಇನ್ನೂ ಬನ್ನುಗಳಿದ್ದವು. ನಾಲ್ಕು ಪ್ಯಾಕೆಟ್ ಕೊಂಡು ಫ್ರೀಜರಿನಲ್ಲಿಟ್ಟರೆ ಜೂನಿನವರೆಗೂ ಬರುತ್ತದೆ ಎಂದು ಮಗಳು ಲೆಕ್ಕ ಹಾಕಿದಳು. ಬೇಡ, ಮುಂದಿನ ಜನವರಿಗೆ ತಿಂದರಾಯಿತು ಎಂದೆ. ಅವಳು ಏಕೆಂದು ಕೇಳಿದ್ದಕ್ಕೆ ಸರಿಯಾದ ಉತ್ತರ ಹೊಳೆಯದೆ, ಫ್ರೀಜರಿನಲ್ಲಿ ಜಾಗವಿಲ್ಲ ಎಂದುಬಿಟ್ಟೆ. ಮನೆಗೆ ಬಂದವಳೇ ಬಾಗಿಲು ತೆಗೆದು ನೋಡಿದಳು. ಒಬ್ಬಟ್ಟಿನ ಮೂರು ಪ್ಯಾಕೆಟ್, ಹಿಂದುಗಡೆ ಅವರೆಕಾಳು. "ಇವನ್ನೆಲ್ಲ ತಿಂದು ಮುಗಿಸಿದರೆ ಜಾಗವಾಗುತ್ತದಲ್ಲ" ಎಂದಳು. ಆ ರಾತ್ರಿ ನಮ್ಮ ಮನೆಯಲ್ಲಿ ಊಟಕ್ಕೆ ಒಬ್ಬಟ್ಟು, ರಜೆ ಮುಗಿದ ಮೇಲೆ ಸ್ಕೂಲಿನ ಡಬ್ಬಿಗೂ ಅದೇ.