ಕಡಲಿಗೆ ಬಿದ್ದ ಕೆರೆಗಳು

ತೀರ್ಥಹಳ್ಳಿ ಸುತ್ತಿನ 43 ಕೆರೆಗಳನ್ನು ಮಳೆ ಹಿಡಿಯುವ ಮೊದಲೇ ಜಿಪಿಎಸ್ ಹಿಡಿದು ಗುರುತು ಮಾಡಿದ್ದೆ. ನಕ್ಷೆಯ ಜಾಗಗಳನ್ನು ಬರೆದಿಡುವ ಜಿಯೋಜೇಸನ್ ಫೈಲ್ ಮಾಡಿ ಜಾಲಕ್ಕೇರಿಸಿ ನೋಡಿದರೆ ಕೆರೆಗಳೆಲ್ಲ ನಾರ್ವೆಯ ಉತ್ತರದ ಕಡಲಲ್ಲಿ! ಆ ಫೈಲಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ, ನಾನು 75.2 ಇರಬೇಕಾದ ಕಡೆ 13.7 ಬರೆದಿದ್ದೆ. ಅದನ್ನು ಸರಿಮಾಡೋದು ಐದು ನಿಮಿಷದ ಕೆಲಸ.

ಹುಡುಕಿದವರಿಗೆ ಸಿಗುವಂತೆ ಮಾಡೋದೇ ಪಾಡು. ಶೀರ್ಷಿಕೆಗೆ ‘ಫೈನಲ್ 2’ ಅಂತಿಟ್ಟಿದ್ದೆ, ಯಾರು ಹುಡುಕ್ತಾರೆ ಅದನ್ನ? ಈಗ ಮೆಟಾಡೇಟಾದಲ್ಲಿ, ಅಂದರೆ ಫೈಲಿನ ಬಗೆಗಿನ ವಿವರದಲ್ಲಿ, ವ್ಯಾಪ್ತಿ, ಅಳೆದ ತಿಂಗಳು, ಪರವಾನಗಿ ತುಂಬಿದ್ದೇನೆ. ಕೀವರ್ಡ್‌ಗೆ ‘ಶಿವಮೊಗ್ಗ’ದ ಜೊತೆ ‘ಶಿಮೊಗ’ವನ್ನೂ ಸೇರಿಸಿದೆ, 2014ರಲ್ಲಿ ಇಂಗ್ಲಿಷ್ ಹೆಸರು ಬದಲಾದರೂ ಹಳೇ ನಕ್ಷೆಗಳಲ್ಲಿ ಅದೇ ಇದೆಯಲ್ಲ.

ಅಮ್ಮ ಪಟ್ಟಿ ನೋಡಿ, “ನಮ್ಮ ತೋಟದ ಹಿಂದಿನ ಕೆರೆ ಎಲ್ಲೋ?” ಅಂದಳು. ಅದು ಬಿಟ್ಟೇ ಹೋಗಿದೆ.