ಎರಡು ಸಬ್‌ವೂಫರ್, ಒಂದು ಆಂಪ್: ಎಷ್ಟು ಓಮ್‌ಗೆ ಕಟ್ಟಬೇಕು?

ಕಾರಿನಲ್ಲಿ ಬಾಸ್ ನುಡಿಸುವ ದೊಡ್ಡ ಸ್ಪೀಕರೇ ಸಬ್‌ವೂಫರ್ (ಸಬ್), ಅದಕ್ಕೆ ಪವರ್ ಕೊಡುವ ಆಂಪ್ಲಿಫೈಯರೇ ಆಂಪ್, ಕರೆಂಟಿಗೆ ಒಡ್ಡುವ ತಡೆಯ ಅಳತೆಯೇ ಓಮ್. ಮಡಿಕೇರಿಯಿಂದ ಬರಲಿ, ಕುಶಾಲನಗರದಿಂದ ಬರಲಿ, ಪ್ರಶ್ನೆ ಹೆಚ್ಚುಕಡಿಮೆ ಇದೇ: "4 ಓಮ್‌ನ ಎರಡು ಸಬ್ ತಗೊಂಡಿದ್ದೇನೆ. ಆಂಪ್ ಮೇಲೆ 1 ಓಮ್‌ಗೆ 1000 ವ್ಯಾಟ್, 2 ಓಮ್‌ಗೆ 600 ವ್ಯಾಟ್ ಅಂತ ಬರೆದಿದೆ. 1 ಓಮ್‌ಗೇ ಕಟ್ಟಿಬಿಡಲಾ?"

ಮೊದಲು ಸಬ್‌ನಲ್ಲಿ ಎಷ್ಟು ಕಾಯಿಲ್ (ಸ್ಪೀಕರಿನ ಕೋನನ್ನು ಅಲುಗಿಸುವ ತಂತಿಸುರುಳಿ) ಇವೆ ಎಂದು ನೋಡಿ. ಪ್ಲಸ್-ಮೈನಸ್ ಟರ್ಮಿನಲ್ ಒಂದೇ ಜೊತೆ ಇದ್ದರೆ ಸಾಮಾನ್ಯವಾಗಿ ಸಿಂಗಲ್ ಕಾಯಿಲ್, ಎರಡು ಜೊತೆ ಇದ್ದರೆ ಡ್ಯುಯಲ್ ಕಾಯಿಲ್. ಇದು ಗೊತ್ತಾಗದೆ "4 ಓಮ್" ಎಂದಷ್ಟೇ ಹೇಳಿದರೆ ಯಾರೂ ಸರಿಯಾದ ಉತ್ತರ ಕೊಡಲಾರರು.

ಲೆಕ್ಕ ಹೈಸ್ಕೂಲಿನಲ್ಲಿ ಓದಿದ ಸರಣಿ-ಸಮಾಂತರದ್ದೇ. ಒಂದರ ಬಾಲಕ್ಕೆ ಇನ್ನೊಂದನ್ನು ಸೀರೀಸ್‌ನಲ್ಲಿ ಕಟ್ಟಿದರೆ ಓಮ್ ಕೂಡುತ್ತಾ ಹೋಗುತ್ತದೆ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿ ಪ್ಯಾರಲಲ್ ಮಾಡಿದರೆ, ಒಂದೇ ಅಳತೆಯ ಕಾಯಿಲ್‌ಗಳಾದರೆ, ಕಾಯಿಲ್ ಎಷ್ಟಿವೆಯೋ ಓಮ್ ಅಷ್ಟು ಪಾಲಾಗುತ್ತದೆ. 4 ಓಮ್‌ನ ಎರಡು ಸಿಂಗಲ್ ಕಾಯಿಲ್ ಸಬ್‌ಗಳಿಂದ ಸಿಗುವುದು 2 ಅಥವಾ 8, ಅಷ್ಟೇ. 1 ಬರುವುದೇ ಇಲ್ಲ. 4+4ರ (ಪ್ರತಿ ಕಾಯಿಲ್ 4 ಓಮ್) ಎರಡು ಡ್ಯುಯಲ್ ಸಬ್ ಆದರೆ ನಾಲ್ಕೂ ಕಾಯಿಲ್ ಪ್ಯಾರಲಲ್‌ನಲ್ಲಿ 1 ಓಮ್. ಪ್ರತಿ ಸಬ್‌ನ ಎರಡು ಕಾಯಿಲ್ ಸೀರೀಸ್ ಮಾಡಿ, ಆಮೇಲೆ ಎರಡು ಸಬ್ ಪ್ಯಾರಲಲ್ ಮಾಡಿದರೆ 4 ಓಮ್. ಎಲ್ಲ ಸೀರೀಸ್ ಆದರೆ 16. ಈ ಜೋಡಿಯಿಂದ ಎಲ್ಲ ಕಾಯಿಲ್ ಸಮವಾಗಿ ದುಡಿಯುವಂತೆ 2 ಓಮ್ ತೆಗೆಯಲು ಆಗುವುದಿಲ್ಲ. ಡ್ಯುಯಲ್ ಸಬ್‌ಗಳಿಂದ 2 ಓಮ್ ಬೇಕೆಂದರೆ 2+2ರವನ್ನು ಕೊಳ್ಳಬೇಕು. ಆದ್ದರಿಂದ ಸಬ್ ಮತ್ತು ಆಂಪ್ ಒಟ್ಟಿಗೆ ಆರಿಸಬೇಕು, ಒಂದನ್ನು ತಂದ ಮೇಲೆ ಇನ್ನೊಂದನ್ನು ಹುಡುಕುವುದಲ್ಲ.

ಓಮ್ ಇಳಿದಂತೆ ಪವರ್ ಏರುವುದೇಕೆ? ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ತೋಟಕ್ಕೆ ನೀರು ಹಾಯಿಸುವಾಗ ಒಂದೇ ಪಂಪಿಗೆ ಜೆಟ್ (ನೀರು ಚಿಮ್ಮಿಸುವ ಸ್ಪ್ರಿಂಕ್ಲರ್) ಮೇಲೆ ಜೆಟ್ ಸೇರಿಸಿದರೆ ನೀರು ಹೆಚ್ಚು ಹೋಗುತ್ತದೆ, ಎಂಜಿನ್ ಮೇಲೆ ಭಾರವೂ ಬೀಳುತ್ತದೆ. ಓಮ್ ಇಳಿದಾಗ ಆಂಪ್‌ಗೆ ಆಗುವುದೂ ಹೀಗೇ, ನೀರಿನ ಬದಲು ಕರೆಂಟ್. ಆಂಪ್ 20 ವೋಲ್ಟ್ ಕೊಡುತ್ತಿದೆ ಎನ್ನಿ. 4 ಓಮ್‌ನಲ್ಲಿ 5 ಆಂಪಿಯರ್, 100 ವ್ಯಾಟ್. 2 ಓಮ್‌ನಲ್ಲಿ 10 ಆಂಪಿಯರ್, 200 ವ್ಯಾಟ್. 1 ಓಮ್‌ನಲ್ಲಿ 20 ಆಂಪಿಯರ್, 400 ವ್ಯಾಟ್. ಆ ಕರೆಂಟೆಲ್ಲ ಆಂಪ್‌ನ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ ಮೂಲಕವೇ ಹೋಗಬೇಕು. ಕಂಪನಿ ಹೇಳಿದ ಮಿತಿಗಿಂತ ಕೆಳಗಿನ ಓಮ್ ಕಟ್ಟಿದರೆ ಅವು ಕಾಯುತ್ತವೆ, ಆಂಪ್ ತನ್ನನ್ನು ಕಾಪಾಡಿಕೊಳ್ಳಲು ನಿಂತು ಪ್ರೊಟೆಕ್ಟ್ ಲೈಟ್ ಹತ್ತುತ್ತದೆ. ತಣ್ಣಗಾದ ಮೇಲೆ ಮತ್ತೆ ಹಾಡುತ್ತದೆಂದು ಹಾಗೇ ಓಡಿಸಿದರೆ ಒಂದು ದಿನ ಸುಡುತ್ತದೆ. ಎರಡು ಚಾನೆಲ್ ಬ್ರಿಡ್ಜ್ ಮಾಡಿದಾಗ, ಅಂದರೆ ಎರಡನ್ನೂ ಸೇರಿಸಿ ಒಂದೇ ಸಬ್ ನಡೆಸಿದಾಗ, ಇನ್ನೂ ಎಚ್ಚರ ಬೇಕು: ಪ್ರತಿ ಚಾನೆಲ್‌ಗೆ ಕಾಣುವುದು ಅರ್ಧ ಓಮ್ ಮಾತ್ರ. 2 ಓಮ್ ಸಬ್ ಬ್ರಿಡ್ಜ್ ಮಾಡಿದರೆ ಚಾನೆಲ್‌ಗೆ ಅದು 1 ಓಮ್. ಇಂಥ ಬಹುತೇಕ ಆಂಪ್‌ಗಳಿಗೆ ಬ್ರಿಡ್ಜ್‌ನಲ್ಲಿ ಮಿತಿ 4 ಓಮ್.

ಈಗ ನೇರ ಉತ್ತರ. ಕೊಡಗಿನಲ್ಲಿ ಓಡುವ ಸಾಮಾನ್ಯ ಕಾರಿಗೆ 1 ಓಮ್ ಬೇಡ, 2 ಅಥವಾ 4 ಸಾಕು. 600 ವ್ಯಾಟ್‌ಗೂ 1000 ವ್ಯಾಟ್‌ಗೂ ಕಿವಿಗೆ ಸಿಗುವ ಅಂತರ ಸುಮಾರು 2.2 ಡೆಸಿಬೆಲ್, ಗೊತ್ತಾಗುತ್ತದೆ, ಆದರೆ ಸ್ವಲ್ಪವೇ. ಅದಕ್ಕೆ ತೆರುವ ಬೆಲೆ ದೊಡ್ಡದು. ಆಂಪ್‌ನ ದಕ್ಷತೆ ಶೇ. 80 ಎಂದುಕೊಂಡರೂ 1000 ವ್ಯಾಟ್ ಹೊರಬರಲು 1250 ವ್ಯಾಟ್ ಒಳಹೋಗಬೇಕು, ಅಂದರೆ 13.8 ವೋಲ್ಟ್‌ನಲ್ಲಿ ಸುಮಾರು 90 ಆಂಪಿಯರ್. ಹಾಡಿನ ಸರಾಸರಿ ಇಷ್ಟಿರುವುದಿಲ್ಲ, ಬಾಸ್ ಬಡಿದಾಗ ಮಾತ್ರ. ಆದರೆ ಜುಲೈ ಮಳೆಯಲ್ಲಿ ಸಂಪಾಜೆ ಘಾಟಿಯಲ್ಲಿ ಲಾರಿ ಹಿಂದೆ ನಿಂತಾಗ ಹೆಡ್‌ಲೈಟ್, ವೈಪರ್, ಬ್ಲೋವರ್, ಹಿಂಗಾಜಿನ ಹೀಟರ್ ಎಲ್ಲ ಆನ್ ಇರುತ್ತವೆ, ಎಂಜಿನ್ ಐಡಲ್‌ನಲ್ಲಿರುತ್ತದೆ. ಆ ಹೊತ್ತಿಗೆ ಎಂಜಿನ್‌ನಿಂದ ತಿರುಗಿ ಕರೆಂಟ್ ಕೊಡುವ ಆಲ್ಟರ್ನೇಟರ್‌ನಲ್ಲಿ ಉಳಿಯುವುದು ಎಷ್ಟು? ಬಾಸ್‌ಗೆ ತಕ್ಕಂತೆ ಹೆಡ್‌ಲೈಟ್ ಮಂಕಾಗುವುದು ಇದರಿಂದಲೇ.

ವೈರಿನ ರೋಧವನ್ನೂ ಮರೆಯಬೇಡಿ. 1.5 ಚದರ ಮಿಲಿಮೀಟರ್ ತಾಮ್ರದ ವೈರ್ ಮೀಟರಿಗೆ ಸುಮಾರು 0.013 ಓಮ್. ಆಂಪ್‌ನಿಂದ ಸಬ್‌ಗೆ 5 ಮೀಟರ್ ಎಂದರೆ ಹೋಗಿಬರುವಾಗ 10 ಮೀಟರ್, 0.13 ಓಮ್. 4 ಓಮ್ ಸಬ್‌ನಲ್ಲಿ ಇದರಿಂದ ಪವರ್ ಶೇ. 6ರಷ್ಟು ಕಡಿಮೆಯಾದರೆ, 1 ಓಮ್‌ನಲ್ಲಿ ಶೇ. 22ರಷ್ಟು. ಆಂಪ್ ಡಿಕ್ಕಿಯಲ್ಲೇ, ಸಬ್ ಪಕ್ಕದಲ್ಲೇ ಇರಲಿ, 2.5 ಚದರ ಮಿಲಿಮೀಟರ್ ವೈರ್ ಹಾಕಿ. ಬ್ಯಾಟರಿ ವೈರಿಗೆ ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಅಗ್ಗಕ್ಕೆ ಸಿಗುತ್ತದೆ. ಅದರ ರೋಧ ತಾಮ್ರದ ಒಂದೂವರೆ ಪಟ್ಟು. ಅದೇ ಬೇಕೆಂದರೆ ಒಂದು ಗಾತ್ರ ದಪ್ಪನಾದದ್ದು ತಗೊಳ್ಳಿ. ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿಯ ಒಳಗೇ ಇರಬೇಕು.

ಆಂಪ್‌ಗೆ ಸಿಕ್ಕಿಸುವ ಮೊದಲು ಮಲ್ಟಿಮೀಟರ್ ಹಿಡಿಯಲೇಬೇಕು. ಅದರ ಎರಡು ಮೊನೆ ತಾಗಿಸಿದಾಗ ತೋರಿಸುವ 0.2, 0.3 ಓಮನ್ನು ಕಳೆಯಿರಿ. 4 ಓಮ್ ಕಾಯಿಲ್ ಸಾಮಾನ್ಯವಾಗಿ 3.2ರಿಂದ 3.8 ತೋರಿಸುತ್ತದೆ, ಅದು ದೋಷವಲ್ಲ: ಮೀಟರ್ ಅಳೆಯುವುದು ತಂತಿಯ ಡಿ.ಸಿ. ರೋಧ, ಸಬ್ ಮೇಲೆ ಬರೆದಿರುವುದು ಇಂಪೀಡೆನ್ಸ್, ಅಂದರೆ ಹಾಡುವಾಗ ಕಾಯಿಲ್ ಒಡ್ಡುವ ಒಟ್ಟು ತಡೆ. ಇಂಪೀಡೆನ್ಸ್ ಹಾಡಿನ ಫ್ರೀಕ್ವೆನ್ಸಿಗೆ ತಕ್ಕಂತೆ ಏರಿಳಿಯುತ್ತದೆ. 1.8 ತೋರಿಸಿದರೆ ಕಾಯಿಲ್ 2 ಓಮ್‌ನದ್ದಿರಬೇಕು, ಇಲ್ಲ ಒಳಗೆ ಶಾರ್ಟ್ ಆಗಿರಬೇಕು. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿದೆ ಅಥವಾ ಅದಕ್ಕೆ ಹೋಗುವ ತಂತಿ ತುಂಡಾಗಿದೆ. ಕೋನನ್ನು ಮೆಲ್ಲಗೆ ಒತ್ತಿ ಅಲುಗಿಸದೆ ಹಿಡಿದಾಗಲೂ ಅಂಕಿ ಜಿಗಿಯುತ್ತಿದ್ದರೆ ಕೋನ್‌ಗೆ ಹೋಗುವ ಹೆಣೆದ ತಂತಿ ತುಂಡಾಗುತ್ತಿರಬಹುದು.

ಮೀಟರ್ ಹಿಡಿಯಲಾರದ ತಪ್ಪು ಒಂದಿದೆ. ಡ್ಯುಯಲ್ ಸಬ್‌ನ ಒಂದು ಕಾಯಿಲ್ ತಿರುಗುಮುರುಗಾಗಿ ಕಟ್ಟಿದರೂ ಓಮ್ ಅಷ್ಟೇ ಬರುತ್ತದೆ, ಆದರೆ ಎರಡು ಕಾಯಿಲ್ ಒಂದನ್ನೊಂದು ಎಳೆದು ಬಾಸೇ ಇರುವುದಿಲ್ಲ. ಪ್ರತಿ ಕಾಯಿಲ್‌ಗೂ ಬೇರೆಬೇರೆಯಾಗಿ 1.5 ವೋಲ್ಟ್ ಸೆಲ್ ಒಂದು ಕ್ಷಣ ಮುಟ್ಟಿಸಿ. ಸೆಲ್‌ನ ಪ್ಲಸ್ ಕಾಯಿಲ್‌ನ ಪ್ಲಸ್‌ಗೆ ತಾಗಿದಾಗ ಕೋನ್ ಹೊರಗೆ ಬರಬೇಕು.

ಕೊನೆಗೆ ಅರ್ಥ್, ಅಂದರೆ ಆಂಪ್‌ನ ಮೈನಸ್ ವೈರನ್ನು ಕಾರಿನ ಬಾಡಿಗೆ ಕಟ್ಟುವ ಜಾಗ. ಇಲ್ಲಿನ ಮಳೆಗೆ ಮೊದಲು ಕೆಡುವುದು ಅದೇ. ಪೇಂಟ್ ಕೆರೆದು ಬರಿ ತಗಡಿಗೆ ಲಗ್ (ವೈರ್ ತುದಿಯ ಲೋಹದ ಬಳೆ) ಬೋಲ್ಟ್ ಮಾಡಿ, ಬಿಗಿದ ಮೇಲೆ ಸುತ್ತಲೂ ಗ್ರೀಸ್ ಸವರಿ. ವೈರ್ ಅರ್ಧ ಮೀಟರ್ ಮೀರದಿರಲಿ. ಹಾಡು ಜೋರಾಗಿ ಓಡುವಾಗ ಆಂಪ್‌ನ ಅರ್ಥ್ ಟರ್ಮಿನಲ್‌ಗೂ ಬ್ಯಾಟರಿ ಮೈನಸ್‌ಗೂ ನಡುವೆ ವೋಲ್ಟ್ ಅಳೆಯಿರಿ, 0.2 ದಾಟಿದರೆ ಎಲ್ಲೋ ತುಕ್ಕು ಹಿಡಿದಿದೆ ಅಥವಾ ಸಡಿಲಾಗಿದೆ. ಸೆಪ್ಟೆಂಬರ್ ಕಳೆದ ಮೇಲೆ ಇದನ್ನು ಮತ್ತೊಮ್ಮೆ ಅಳೆಯಿರಿ. ತೋಟದ ರಸ್ತೆಯ ಕುಲುಕಾಟಕ್ಕೆ ಆಂಪ್‌ನ ಸ್ಕ್ರೂಗಳೂ ಸಡಿಲವಾಗಿರುತ್ತವೆ, ಆಗಲೇ ಅವನ್ನೂ ಬಿಗಿಯಿರಿ.