ಕಬ್ಬಿನ ಗದ್ದೆಯ ಹಾವು

ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಮಂಡ್ಯದ ಹತ್ತಿರದ ಹಳ್ಳಿ ನಮ್ಮದು. ಅಮ್ಮ ನಡುಮನೆಯಲ್ಲಿ ಕೂತು ಎಳ್ಳಿಗೆ ಬೆಲ್ಲ ಹೆಚ್ಚುತ್ತಿದ್ದರು. ಕಬ್ಬಿನ ಜಲ್ಲೆಗಳು ಗೋಡೆಗೆ ಒರಗಿದ್ದವು. ನಾನು ಕಂಬಕ್ಕೆ ಆತು ಕೂತು ಎಡ್ವಿಜ್ ಡಾಂಟಿಕಾ ಅವರ ‘ಬ್ರೆತ್, ಐಯ್ಸ್, ಮೆಮೊರಿ’ ಓದುತ್ತಿದ್ದೆ. 1994ರಲ್ಲಿ ಬಂದ ಕಾದಂಬರಿ, ಕೆರಿಬಿಯನ್ ದೇಶ ಹೈಟಿಯ ಕಥೆ.

ಕಥೆ ಹೇಳುವ ಹುಡುಗಿ ಸೋಫಿಯನ್ನು ಸಾಕಿದ್ದು ದೊಡ್ಡಮ್ಮ ಅಟಿ. ಹೆತ್ತಮ್ಮ ಮಾರ್ಟೀನ್ ನ್ಯೂಯಾರ್ಕಿನಲ್ಲಿ. ಮೊದಲ ಪುಟದಲ್ಲೇ ಒಂದು ಡ್ಯಾಫೊಡಿಲ್ ಬರುತ್ತದೆ. ಸೋಫಿ ದೊಡ್ಡಮ್ಮನಿಗಾಗಿ ಮಾಡಿದ ಕಾರ್ಡಿನಲ್ಲಿ ಒಣಗಿ ನೇತಾಡುವ ಹೂವು. ಅದು ಚಳಿ ದೇಶದ್ದು. ಗೆಡ್ಡೆಗೆ ಚಳಿ ತಾಗದಿದ್ದರೆ ಸರಿಯಾಗಿ ಅರಳುವುದಿಲ್ಲ. ಹೈಟಿಯ ಬಿಸಿಲಿಗೆ ಒಗ್ಗಿ, ಕುಂಬಳಕಾಯಿಯ ಬಣ್ಣಕ್ಕೆ ತಿರುಗಿದೆ ಅನ್ನುತ್ತಾರೆ ಲೇಖಕಿ. ತನ್ನದಲ್ಲದ ನೆಲದಲ್ಲೂ ಬೆಳೆಯಿತು ಅಂತಲೇ ಮಾರ್ಟೀನಿಗೆ ಅದು ಇಷ್ಟ. ಅದೇ ಮಾರ್ಟೀನ್ ನ್ಯೂಯಾರ್ಕಿನಲ್ಲಿ ಕೋಣೆ ತುಂಬ ಕೆಂಪು ತುಂಬಿಕೊಳ್ಳುತ್ತಾಳೆ. ಇದೆಲ್ಲ ನನಗೆ ಹಿಡಿಸಿತು.

ಆದರೆ ಕಬ್ಬಿನ ಗದ್ದೆ ಬಂದಾಗ ಕೈ ನಿಂತುಬಿಟ್ಟಿತು. ಕಬ್ಬು ಅಂದರೆ ನನಗೆ ಆಲೆಮನೆ, ಬಿಸಿ ಬೆಲ್ಲದ ವಾಸನೆ, ಹಬ್ಬ. ಇಲ್ಲಿ ಹಾಗಲ್ಲ. ಅಟಿಯ ಅಪ್ಪ ದುಡಿಯುತ್ತಲೇ ಕುಸಿದು ಸತ್ತಿದ್ದು ಆ ಗದ್ದೆಯಲ್ಲಿ. ಇನ್ನೂ ಹುಡುಗಿಯಾಗಿದ್ದ ಮಾರ್ಟೀನಳನ್ನು ಒಬ್ಬ ಗಂಡಸು ಎಳೆದೊಯ್ದಿದ್ದೂ ಕಬ್ಬಿನ ಮರೆಗೆ. ಸೋಫಿ ಹುಟ್ಟಿದ್ದು ಆ ಅತ್ಯಾಚಾರದಿಂದ. ಫ್ರೆಂಚರು ಆಫ್ರಿಕಾದಿಂದ ಜನರನ್ನು ಹಿಡಿದು ತಂದು ಸಕ್ಕರೆಗಾಗಿ ದುಡಿಸಿ ಸಾಯಿಸಿದ ನೆಲ ಅದು. 1791ರಲ್ಲಿ ಆ ಜನ ದಂಗೆ ಎದ್ದರು. 1804ರಲ್ಲಿ ದೇಶ ಸ್ವತಂತ್ರವಾಯಿತು. ಗದ್ದೆ ಮಾತ್ರ ಹಾಗೇ ಉಳಿಯಿತು.

ಕೊನೆಯಲ್ಲಿ ಅಮ್ಮನನ್ನು ಮಣ್ಣು ಮಾಡುವಾಗ ಸೋಫಿ ಓಡಿಹೋಗಿ ಕಬ್ಬನ್ನೇ ಹೊಡೆಯುತ್ತಾಳೆ, ಕೀಳುತ್ತಾಳೆ. ಆಗ ಅಜ್ಜಿ ಕೂಗುತ್ತಾಳೆ: ‘ಊ ಲಿಬೆರೆ?’ ಬಿಡುಗಡೆ ಆಯ್ತಾ? ಸಂತೆಯ ಹೆಂಗಸರು ತಲೆಯ ಹೊರೆ ಇಳಿಸಿದಾಗ ಒಬ್ಬರಿಗೊಬ್ಬರು ಕೇಳುವ ಮಾತು ಅದು. ಅಲ್ಲಿ ನಾನು ಅತ್ತೆ.

“ಏನಾಯ್ತೇ?” ಅಂದರು ಅಮ್ಮ.

ಕಥೆ ಹೇಳಿದೆ. ಅವರ ಕೈಯಲ್ಲಿದ್ದ ಚಾಕು ನಿಂತಿತು. ನಮ್ಮ ಗದ್ದೆ ಹಾಗಿರಲಿಲ್ಲ ಅಲ್ವಾ ಅಂತ ಕೇಳಿದೆ. ಅವರು ತುಸು ಹೊತ್ತು ಮಾತಾಡಲಿಲ್ಲ.

“ಒಬ್ಬಳೇ ಕಬ್ಬಿನ ಗದ್ದೆಗೆ ಹೋಗಬೇಡ ಅಂತ ಅಜ್ಜಿ ಬಯ್ಯೋರು, ನೆನಪಿದ್ಯಾ?”

“ಹೂಂ. ಹಾವಿದೆ ಅನ್ನೋರು.”

“ನಿಮ್ಮಣ್ಣಂಗೆ ಯಾವತ್ತಾದ್ರೂ ಹಾಗಂದಿದ್ರಾ?”